ಕುವೈತ್‌ನಲ್ಲಿ ಲಿಲ್ಲಿಬಾಯಿಯ ಸರದಿ

ಮಂಗಳೂರಿನಿಂದ ಹೊರಟ ವಿಮಾನ ಕುವೈತ್ ಮುಟ್ಟಲು ನಾಲ್ಕೂವರೆ ಗಂಟೆ ತೆಗೆದುಕೊಂಡಿತು. ಜನವರಿ ತಿಂಗಳು. ಕೊಲ್ಲಿ ಎಂದರೆ ಬೆಂಕಿಯಂಥ ಬಿಸಿಲು ಎಂದುಕೊಂಡು ಪೆಟ್ಟಿಗೆಯಲ್ಲಿ ಹತ್ತಿ ಸೀರೆಗಳನ್ನೇ ತುಂಬಿಕೊಂಡು ಹೋಗಿದ್ದೆ. ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಬೀಸಿದ ಗಾಳಿಗೆ ಹಲ್ಲು ಕಟಕಟ ಎಂದಿತು. ತಂಗಿಯ ಗಂಡ ಹರೀಶ ತನ್ನ ಜಾಕೆಟ್ ಬಿಚ್ಚಿ ಕೊಟ್ಟ. ಅದರ ಕಿಸೆಯಲ್ಲಿ ಬೆರಳಿಗೆ ಹಾಕುವ ಉಗುರುಗಳು ಸಿಕ್ಕವು, ಒಂದು ಪ್ಲಾಸ್ಟಿಕ್ಕಿನದು, ಎರಡು ತಗಡಿನವು. ಇದೆಂಥದು ಎಂದು ಕೇಳಿದೆ. ಬ್ಯಾಂಜೋ ಬಾರಿಸಲಿಕ್ಕೆ ಎಂದ. ಹೋಟೆಲೊಂದರ ಲೆಕ್ಕ ವಿಭಾಗದಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುವ, ಮದುವೆಯಲ್ಲಿ ವಾಲಗದವರು ಹತ್ತಿರ ಬಂದರೆ ಎದ್ದು ಆಚೆ ಹೋಗುತ್ತಿದ್ದ ನಮ್ಮ ಹರೀಶನಿಗೆ ಬ್ಯಾಂಜೋ ಯಾಕೆ ಎಂಬುದೇ ಆ ದೇಶದ ಬಗ್ಗೆ ನನಗೆ ಹುಟ್ಟಿದ ಮೊದಲ ಕುತೂಹಲ.

ಊರಿಗೆ ಮರಳಿದ ಮೇಲೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕುವೈತ್ ಹೇಗಿತ್ತು ಎಂದು ಕೇಳುತ್ತಾರೆ. ನಾನು ಸಮುದ್ರತೀರದ ಕುವೈತ್ ಗೋಪುರಗಳಿಂದ ಶುರು ಮಾಡುತ್ತೇನೆ. ಎರಡು ಮಾತಿನಲ್ಲಿ ಮರಳುಗಾಡಿನ ಒಂದು ಡೇರೆಗೆ ಬಂದು ನಿಲ್ಲುತ್ತೇನೆ. ಬಾಯಿಮಾತಿನಲ್ಲಿ ಹೇಳಿದರೆ ಹಿಂದುಮುಂದಾಗುತ್ತದೆ. ಅದಕ್ಕೇ ಹೋದ ದಿನದಿಂದ ಕ್ರಮವಾಗಿ ಬರೆಯುತ್ತಿದ್ದೇನೆ.

ತಂಗಿ ಶ್ವೇತಾಳ ಮನೆ ಬ್ನೇದ್ ಅಲ್ ಗಾರ್‌ನ ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ. ಕಿಟಕಿಯಿಂದ ಕಟ್ಟಡಗಳ ಸಂದಿನಲ್ಲಿ ಸಮುದ್ರದ ಒಂದು ನೀಲಿ ಚೂರು ಕಾಣುತ್ತದೆ. ಕೆಳಗೆ ಇಳಿದರೆ ಮಲಯಾಳಿಗಳ ಅಂಗಡಿ, ಇರಾನಿಗಳ ರೊಟ್ಟಿ ಒಲೆ. ಬೆಳಿಗ್ಗೆ ಆ ರೊಟ್ಟಿಗೆ ಸಾಲು ನಿಂತು ತರುವುದು ನನ್ನ ಕೆಲಸವಾಯಿತು. ಟವೆಲಿನಷ್ಟು ಅಗಲ, ಬಿಸಿ ಬಿಸಿ, ಕೈಯಲ್ಲಿ ಮಡಚಿ ಹಿಡಿದುಕೊಂಡೇ ತರಬೇಕು. ಮನೆಯಲ್ಲಿ ಮಾತು ತುಳುವಿನಲ್ಲಿ. ಮಗಳು ಅನ್ವಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪ ಬ್ಯಾಂಜೋ ಹೇಗೆ ಬಾರಿಸುತ್ತಾನೆ ಎಂದು ಕೇಳಿದ್ದಕ್ಕೆ, "ಸೇಮ್ ಥಿಂಗ್, ಹಂಡ್ರೆಡ್ ಟೈಮ್ಸ್, ದೊಡ್ಡಮ್ಮ," ಎಂದಳು. ಕೊನೆಯ ಪದ ಒಂದೇ ನಮ್ಮದು.

ಮಂಗಳವಾರ ಸಂಜೆ ಹರೀಶ ನನ್ನನ್ನು ರಾಯ್‌ಗೆ ಕರೆದುಕೊಂಡು ಹೋದ. ಅದು ಷೋರೂಮು ಮತ್ತು ವರ್ಕ್‌ಷಾಪುಗಳ ಪ್ರದೇಶ. ಸೋಫಾ, ಟೈಲ್ಸ್, ಕಾರಿನ ಸೀಟು ಕವರು. ಮರದ ಕೆಲಸದ ಒಂದು ವರ್ಕ್‌ಷಾಪಿನ ಹಿಂಬದಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಜಾಮ್ ಎಂದು ಕರೆದುಕೊಂಡು ವಾರಕ್ಕೊಮ್ಮೆ ಇಲ್ಲಿ ಒಟ್ಟಿಗೆ ಬಾರಿಸಲು ಸೇರುವವರೆಲ್ಲ ಹೊಸದಾಗಿ ವಾದ್ಯ ಹಿಡಿದವರು. ಬಾರಿಸುವುದು ಬ್ಲೂಗ್ರಾಸ್ ಎಂಬ ಸಂಗೀತ. ಅಮೆರಿಕದ ಗುಡ್ಡಗಾಡಿನ ಹಳ್ಳಿಗಳಲ್ಲಿ ಹುಟ್ಟಿದ್ದಂತೆ. ಡ್ರಮ್ ಇಲ್ಲ, ಕರೆಂಟಿನ ವಾದ್ಯ ಇಲ್ಲ. ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಆಳೆತ್ತರದ ಒಂದು ಬೇಸ್, ಅಷ್ಟೇ. ನಡೆಸುವವನು ಡೇಲ್, ಇಲ್ಲಿನ ಶಾಲೆಯೊಂದರ ಮೇಷ್ಟ್ರು, ಅದೇ ಗುಡ್ಡಗಾಡಿನವನು. ಬೇಸ್ ಬಾರಿಸುವವನು ಬದರ್ ಎಂಬ ಕುವೈತಿ ಇಂಜಿನಿಯರ್, ಆ ವರ್ಕ್‌ಷಾಪಿನ ಮಾಲಿಕನ ತಮ್ಮ. ಉಳಿದವರು ಫಿಲಿಪ್ಪೀನ್ಸ್‌ನವರು, ಈಜಿಪ್ಟಿನವರು, ಗೋವಾದವರು. ಮತ್ತು ನಮ್ಮ ಲಿಲ್ಲಿಬಾಯಿ.

ಲಿಲ್ಲಿಬಾಯಿ ಶಿರ್ವದ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ ಹೆಂಗಸು. ಮೂವತ್ತು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಮಡಿಲಲ್ಲಿ ಮ್ಯಾಂಡೊಲಿನ್ ಇತ್ತು, ರಾಯ್‌ನ ಶುಕ್ರವಾರದ ಸಂತೆಯಲ್ಲಿ ಹಳೇ ಸಾಮಾನಿನ ರಾಶಿಯಿಂದ ಹೆಕ್ಕಿದ್ದು. ನಾನು ಕನ್ನಡದವಳು, ಪಾಠ ಮಾಡುವವಳು ಎಂದು ತಿಳಿದ ಕೂಡಲೇ ಪಕ್ಕದ ಕುರ್ಚಿಯ ಮೇಲಿನ ತನ್ನ ಕೈಚೀಲ ತೆಗೆದು, "ಟೀಚರ್, ಇಲ್ಲಿ ಕೂತ್ಕೊಳ್ಳಿ. ಇವರು ಎಂತ ಮಾಡುದು ಅಂತ ನಾನು ಹೇಳ್ತೇನೆ," ಎಂದರು.

ಹೇಳಿದರು ಕೂಡ. ಕಲಿಯುವವರಿಗೆ ಪುಸ್ತಕ ಇಲ್ಲ. ಎಲ್ಲರ ಕಣ್ಣೂ ಗಿಟಾರ್ ಹಿಡಿದ ಡೇಲ್‌ನ ಎಡಗೈ ಮೇಲೆ ಇರಬೇಕು. ಆ ಬೆರಳುಗಳು ಜಾಗ ಬದಲಿಸಿದ ಹಾಗೆ ಇವರೂ ಬದಲಿಸಬೇಕು. ಒಂದು ಸುತ್ತು ಹಾಡು ಮುಗಿದಾಗ ಡೇಲ್ ಒಬ್ಬರ ಕಡೆ ನೋಡುತ್ತಾನೆ. ತಲೆ ಆಡಿಸಿದರೆ ಮುಂದಿನ ಸುತ್ತು ಅವರದು, ಉಳಿದವರು ದನಿ ತಗ್ಗಿಸಿ ತಾಳ ಕೊಡುತ್ತಾರೆ. ಬೇಡ ಎಂದು ಅಡ್ಡ ಆಡಿಸಿದರೆ ಸರದಿ ಪಕ್ಕದವರಿಗೆ ಹೋಗುತ್ತದೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಸರದಿ ತೆಗೆದುಕೊಂಡವರು ನಡುವೆ ಎಡವಿದರೆ, ಸುಮ್ಮನೆ ಕೂತರೆ, ಅವರ ಮುಖ ನೋಡಬಾರದು. ನೋಡಿದರೆ ನಾಚಿಕೆಯಾಗಿ ವಾದ್ಯವನ್ನೇ ಬಿಡುತ್ತಾರೆ. ಡೇಲ್‌ನ ಕೈ ನೋಡಿಕೊಂಡು ತಾಳ ಹಿಡಿದೇ ಇರಬೇಕು. ಅವರು ಎಲ್ಲಿಂದಾದರೂ ಮತ್ತೆ ಸೇರಿಕೊಳ್ಳಲಿ. ಹಾಡು ನಿಲ್ಲಬಾರದು.

ನಾನು ಬೆಳೆದದ್ದು ಭಜನೆಯ ಮನೆಯಲ್ಲಿ. ಅಲ್ಲಿ ತಾಳ ತಪ್ಪಿದವನ ತೊಡೆಗೆ ಪಕ್ಕದವನು ಚಿವುಟುತ್ತಿದ್ದ. ಈ ಮರ್ಯಾದೆ ನನಗೆ ಬಹಳ ಹಿಡಿಸಿತು. ಇನ್ನೊಂದು ಸಂಗತಿ ಮಾತ್ರ ಎರಡೂ ಕಡೆ ಒಂದೇ: ಹುರುಪು ಬಂದ ಹಾಗೆ ವೇಗ ಏರುತ್ತದೆ. ಭಜನೆಯಲ್ಲಿ ಅದನ್ನು ಭಕ್ತಿ ಎನ್ನುತ್ತೇವೆ. ಇಲ್ಲಿ ಡೇಲ್ ಕಾಲು ಕುಟ್ಟಿ ಕುಟ್ಟಿ ಹಿಡಿದು ನಿಲ್ಲಿಸಬೇಕಾಗುತ್ತಿತ್ತು. ಹರೀಶನ ಬ್ಯಾಂಜೋ ಅಂತೂ ತಗಡಿನ ಮೇಲೆ ಬಟಾಣಿ ಸುರಿದ ಹಾಗೆ ಎಲ್ಲರಿಗಿಂತ ಮುಂದೆ.

ಆ ಸಂಜೆ ಡೇಲ್ ನಾಲ್ಕು ಸಲ ಲಿಲ್ಲಿಬಾಯಿಯ ಕಡೆ ನೋಡಿದ. ನಾಲ್ಕು ಸಲವೂ ಅವರು ಬೇಡ ಎಂದರು. ಚಹಾದ ಹೊತ್ತಿನಲ್ಲಿ, ಅವರನ್ನು ಬರೇ ಬಾಯಿ ಎಂದು ಕರೆಯುವ ಹರೀಶ ಕೀಟಲೆ ಮಾಡಿದ: ಬಾಯಿ ಒಂದು ವರ್ಷದಿಂದ ತಲೆ ಅಲ್ಲಾಡಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ, ಊರಿಗೆ ಹೋಗಿ ಬಾರಿಸುತ್ತಾರಂತೆ, ಕೇಳಲಿಕ್ಕೆ ಹಸು ಉಂಟಂತೆ. ಲಿಲ್ಲಿಬಾಯಿ ಅವನ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು. ಈ ತಿಂಗಳ ಕೊನೆಗೆ ಅವರ ಇಕಾಮಾ ಮುಗಿಯುತ್ತದೆ, ಅಂದರೆ ಇಲ್ಲಿರುವ ಪರವಾನಗಿ. ನಿವೃತ್ತಿ. ಇನ್ನು ಊರು. ಮೂವತ್ತು ವರ್ಷ ಡ್ಯೂಟಿ ಬಿಟ್ಟರೆ ಇಲ್ಲಿ ತನಗಾಗಿ ಮಾಡಿದ್ದು ಇದೊಂದೇ. ಒಂದು ಸರದಿ, ಒಂದೇ ಒಂದು, ಈ ಜನರ ನಡುವೆ ಕೂತು ಮೊದಲಿನಿಂದ ಕೊನೆಯವರೆಗೆ ಬಾರಿಸಿ ಹೋಗಬೇಕು.

"ಮನೆಯಲ್ಲಿ ಬರ್ತದೆ ಟೀಚರ್. ಇಲ್ಲಿ ಅವ ನೋಡಿದ ಕೂಡ್ಲೆ ಕೈ ಐಸ್ ಆಗ್ತದೆ."

ಶುಕ್ರವಾರ ಬದರ್‌ನ ಡೇರೆಯಲ್ಲಿ ಬಾರಿಸುತ್ತೇನೆ ಎಂದು ಅವರು ಡೇಲ್‌ಗೆ ಮಾತು ಕೊಟ್ಟದ್ದು ಆಗಲೇ.

ಚಳಿಗಾಲ ಬಂದರೆ ಕುವೈತಿಗಳು ಮರಳುಗಾಡಿನಲ್ಲಿ ಡೇರೆ ಹಾಕುತ್ತಾರೆ. ಬೇಸಿಗೆಯಲ್ಲಿ ಕಾಲಿಡಲಾಗದ ಜಾಗ ಮೂರು ನಾಲ್ಕು ತಿಂಗಳು ತವರುಮನೆಯಂತಾಗುತ್ತದೆ. ಬದರ್‌ನ ಕುಟುಂಬದ ಡೇರೆಗಳು ದಕ್ಷಿಣದಲ್ಲಿ, ಫಹಾಹೀಲ್ ದಾಟಿ ಇನ್ನೂ ಮುಂದೆ. ಶ್ವೇತಾ ಅನ್ವಿಯ ಪರೀಕ್ಷೆ ಎಂದು ಮನೆಯಲ್ಲೇ ಉಳಿದಳು. ಹರೀಶ, ಲಿಲ್ಲಿಬಾಯಿ, ನಾನು ಕಾರಿನಲ್ಲಿ ಹೊರಟೆವು. ಫಹಾಹೀಲ್‌ಗೆ ಮುಕ್ಕಾಲು ಗಂಟೆ. ಅಲ್ಲಿ ಮಂಗಳೂರಿನವರ ಹೋಟೆಲಿನಲ್ಲಿ ಊಟ: ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಬಡಿಸುವವನು ಬ್ಯಾರಿ ಹುಡುಗ, ಬಂಟ್ವಾಳದವನು. ಲಿಲ್ಲಿಬಾಯಿ ಮೀನು ಮುಟ್ಟದೆ ಮೊಸರನ್ನ ಮಾತ್ರ ತಿಂದರು. ಪರೀಕ್ಷೆಯ ದಿನ ನಾನೂ ಹಾಗೇ ಇರುತ್ತಿದ್ದೆ ಎಂದೆ. ನಗಲಿಲ್ಲ, ಮೇಜಿನ ಅಡಿಯಲ್ಲಿ ಅವರ ಎಡಗೈ ಬೆರಳುಗಳು ತೊಡೆಯ ಮೇಲೆ ನಡೆಯುತ್ತಿದ್ದವು.

ಅಲ್ಲಿಂದ ಮುಂದೆ ಎಣ್ಣೆಯ ಕೊಳವೆಗಳು, ದೂರದಲ್ಲಿ ಚಿಮಣಿಯ ತುದಿಯ ಬೆಂಕಿ, ಆಮೇಲೆ ಏನೂ ಇಲ್ಲ. ಮರಳು ನಾನು ಅಂದುಕೊಂಡ ಹಾಗೆ ಚಿನ್ನದ ಬಣ್ಣದ ದಿಬ್ಬವಲ್ಲ. ಬೂದು, ಚಪ್ಪಟೆ, ಅಲ್ಲಲ್ಲಿ ಕೂದಲಿನಂಥ ಹಸಿರು ಹುಲ್ಲು. ಹೆದ್ದಾರಿ ಬಿಟ್ಟು ಟಯರಿನ ಗುರುತು ಹಿಡಿದು ಹೋದೆವು. ಬದರ್ ಬಾಗಿಲಲ್ಲಿ ಕಾದಿದ್ದ. ಡೇರೆ ದೊಡ್ಡದು, ದಪ್ಪ ಬಟ್ಟೆಯ ಎರಡು ಪದರ, ನೆಲಕ್ಕೆ ಕೆಂಪು ಜಮಖಾನೆ. ನಡುವೆ ಇದ್ದಿಲ ಅಗ್ಗಿಷ್ಟಿಕೆ. ಅದನ್ನು ಹೊರಗೆ ಹೊತ್ತಿಸಿ, ಪೂರ್ತಿ ಕೆಂಡವಾದ ಮೇಲೆಯೇ ಒಳಗೆ ತಂದಿಟ್ಟಿದ್ದ. ಬಾಗಿಲ ಬಟ್ಟೆಯನ್ನು ಮೇಲೆತ್ತಿ ಕಟ್ಟಿದ್ದ.

ಒಂದು ಗಂಟೆ ಚೆನ್ನಾಗಿ ನಡೆಯಿತು. ನಾಲ್ಕರ ಹೊತ್ತಿಗೆ ಗಾಳಿ ಎದ್ದಿತು. ಮರಳು ಒಳಗೆ ಬರತೊಡಗಿತು. ತಂತಿಗಳು ಚಳಿಗೆ ಶ್ರುತಿ ಬಿಡುತ್ತಿದ್ದವು. ಪಿಟೀಲಿನ ಫಿಲಿಪ್ಪೀನಿ ಹುಡುಗಿ ತನ್ನ ವಾದ್ಯವನ್ನು ಶಾಲಿನಲ್ಲಿ ಮಗುವಿನ ಹಾಗೆ ಸುತ್ತಿಟ್ಟಳು. ಆಗ ಬದರ್ ನನಗೆ, ಅಮ್ಮ ನಿಮ್ಮನ್ನು ಕರೆಯುತ್ತಿದ್ದಾರೆ, ಹೆಂಗಸರ ಡೇರೆಗೆ ಬಂದು ಕಾಫಿ ಕುಡಿಯದೆ ಹೋಗಬಾರದಂತೆ, ಎಂದ. ಬೇಸನ್ನು ಡೇರೆಯ ಕಂಬಕ್ಕೆ ಒರಗಿಸಿ ನನ್ನ ಜೊತೆ ಬಂದ.

ಆ ಡೇರೆ ಸ್ವಲ್ಪ ದೂರ. ಬದರ್‌ನ ಅಮ್ಮ ಎಪ್ಪತ್ತು ದಾಟಿದವರು. ನನಗೆ ಅರಬಿ ಬಾರದು, ಅವರಿಗೆ ಅದೇ ಬರುವುದು. ಸಣ್ಣ ಬಟ್ಟಲಿಗೆ ಏಲಕ್ಕಿ ಕಾಫಿ ಮೂರು ಸಲ ಹಾಕಿದರು, ಖರ್ಜೂರದ ತಟ್ಟೆ ಮುಂದೆ ದೂಡಿದರು. ಅಲ್ಲೂ ಕೆಂಡವಿತ್ತು. ಮರಳು ಕಾಫಿಗೆ ಬೀಳುತ್ತದೆಂದು ನಾನು ಬಾಗಿಲ ಬಟ್ಟೆ ಇಳಿಸಲು ಎದ್ದೆ. ಅವರು ಜೋರಾಗಿ ಕೈ ಬೀಸಿ ಕೂರಿಸಿದರು. ಬಟ್ಟಲಿನ ಮೇಲೆ ಅಂಗೈ ಮುಚ್ಚಿ ಕುಡಿಯುವುದನ್ನು ತೋರಿಸಿದರು. ಇದು ಇವರ ಪದ್ಧತಿ ಇರಬೇಕು ಎಂದುಕೊಂಡೆ.

ಮರಳುವಾಗ ಬದರ್ ಚಹಾದ ಕೆಟಲ್ ತುಂಬಿಸಿಕೊಳ್ಳಲು ಹಿಂದೆ ಉಳಿದ. ನಾನು ಮುಂದೆ ನಡೆದೆ.

ಈಗ ಬರೆಯುವುದನ್ನು ಎಷ್ಟು ಸಲ ಮನಸ್ಸಿನಲ್ಲಿ ನಡೆದು ನೋಡಿದ್ದೇನೋ. ಅರ್ಧ ದಾರಿಯಲ್ಲಿ ಹಾಡು ಕೇಳಿಸಿತು. ಮಂಗಳವಾರ ಬಾರಿಸಿದ್ದೇ, ಸೇತುವೆ ದಾಟಿ ಮನೆಗೆ ಹೋಗುವವನ ಹಾಡು, ಕುದುರೆ ಓಡಿದ ಹಾಗೆ ಇರಬೇಕಾದದ್ದು. ಅದು ಇವತ್ತು ಹೆಜ್ಜೆ ಹಾಕಿ ನಡೆಯುತ್ತಿತ್ತು. ನಿಂತು ಕೇಳಿದೆ. ಗಿಟಾರ್, ಬ್ಯಾಂಜೋ, ಅವುಗಳ ಮೇಲೆ ಮ್ಯಾಂಡೊಲಿನ್ನಿನ ಒಂದೊಂದೇ ಸ್ವರ. ಲಿಲ್ಲಿಬಾಯಿಯ ಸರದಿ ಬಂದಿದೆ ಎಂದು ಖುಷಿಯಾಯಿತು. ಮ್ಯಾಂಡೊಲಿನ್ ನಿಂತಿತು. ಎಡವಿದರು, ಮತ್ತೆ ಸೇರಿಕೊಳ್ಳುತ್ತಾರೆ ಎಂದುಕೊಂಡೆ. ಉಳಿದವರು ಒಂದು ಸುತ್ತು ತಾಳ ಕೊಟ್ಟರು, ಇನ್ನೊಂದು ಸುತ್ತು ಕೊಟ್ಟರು. ಎಂಥ ಸಹನೆ ಎಂದುಕೊಂಡೆ. ಪ್ರತಿ ಸುತ್ತಿಗೂ ಹಾಡು ಇನ್ನಷ್ಟು ನಿಧಾನ. ಆದರೆ ಎಲ್ಲರೂ ಒಟ್ಟಿಗೆ ನಿಧಾನ, ಒಬ್ಬರೂ ತಪ್ಪುತ್ತಿಲ್ಲ. ಇದೂ ಒಂದು ಶೈಲಿಯೇ ಎಂದು ತಿಳಿಯುವ ಆಸೆಯಿಂದ, ಕೆಟಲ್ ಹಿಡಿದು ಬಂದ ಬದರ್‌ನನ್ನು ಕೇಳಿದೆ: ಇವತ್ತು ಯಾಕೆ ಇಷ್ಟು ನಿಧಾನ ಬಾರಿಸುತ್ತಿದ್ದಾರೆ?

ಅವನು ತಲೆ ಓರೆ ಮಾಡಿ ಕೇಳಿದ. ಆಮೇಲೆ ಡೇರೆಯ ಬಾಗಿಲ ಕಡೆ ನೋಡಿದ. ಬಟ್ಟೆ ಇಳಿಸಿ, ಹಗ್ಗಗಳನ್ನು ಒಳಗಿನಿಂದ ಬಿಗಿದು ಕಟ್ಟಿದ್ದರು. ಕೆಟಲ್ ಅವನ ಕೈಯಿಂದ ಬಿತ್ತು. ಅವನು ಓಡಿದ.

ಆ ಬಟ್ಟೆಯನ್ನು ಅವನು ಬುಡದಿಂದ ಕಿತ್ತು ಮೇಲೆತ್ತಿದ. ನಾನು ಕಂಡದ್ದು ಇಷ್ಟು: ಅಗ್ಗಿಷ್ಟಿಕೆಯಲ್ಲಿ ಕೆಂಡದ ಮೇಲೆ ಕಪ್ಪು ಇದ್ದಿಲ ಹೊಸ ರಾಶಿ. ಹೊಗೆ ಇಲ್ಲ, ವಾಸನೆ ಇಲ್ಲ. ಎಲ್ಲರೂ ದುಂಡಗೆ ಕುಳಿತು ಡೇಲ್‌ನ ಎಡಗೈಯನ್ನೇ ನೋಡುತ್ತಿದ್ದಾರೆ. ಡೇಲ್‌ನ ಕಣ್ಣು ಅರ್ಧ ಮುಚ್ಚಿದೆ, ಕೈ ಆಡುತ್ತಿದೆ. ಲಿಲ್ಲಿಬಾಯಿ ತಂತಿ ಪರೀಕ್ಷಿಸುವವರ ಹಾಗೆ ಮ್ಯಾಂಡೊಲಿನ್ ಮೇಲೆ ಬಾಗಿದ್ದಾರೆ, ಹಣೆ ಅದಕ್ಕೆ ತಾಗಿದೆ. ಹಾಡು ನಡೆಯುತ್ತಲೇ ಇದೆ. ನಾನು ಹರೀಶನ ಭುಜ ಹಿಡಿದು ಏಳು ಎಂದು ಎಳೆದೆ. ಅವನು ನನ್ನ ಕಡೆ ನೋಡಿ, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ:

"ಸ್ವಲ್ಪ ನಿಲ್ಲಿ ಅಕ್ಕ. ಬಾಯಿಯ ಸರದಿ ಇನ್ನೂ ಮುಗೀಲಿಲ್ಲ."

ಒಬ್ಬೊಬ್ಬರನ್ನೇ ಎಳೆದು ಗಾಳಿಗೆ ಹಾಕಿದೆವು. ಬದರ್‌ನ ಅಮ್ಮ, ಅಕ್ಕಂದಿರು ಓಡಿ ಬಂದರು. ಕೆಲವರು ಮರಳಿನ ಮೇಲೆ ಕೂತು ವಾಂತಿ ಮಾಡಿದರು, ಕೆಲವರು ತಲೆ ಹಿಡಿದುಕೊಂಡು ಅತ್ತರು. ಲಿಲ್ಲಿಬಾಯಿಗೆ ಮಾತ್ರ ಎಚ್ಚರವಾಗಲಿಲ್ಲ. ಬದರ್ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಅದು ಮರಳಿನಲ್ಲಿ ದಾರಿ ಹುಡುಕುವುದು ಬೇಡವೆಂದು ಅವರನ್ನು ತನ್ನ ಗಾಡಿಯಲ್ಲಿ ಮಲಗಿಸಿ ಹೆದ್ದಾರಿಗೆ ಹೊರಟ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ಮಡಿಲಲ್ಲಿತ್ತು. ಕಿಟಕಿಗಳೆಲ್ಲ ತೆರೆದಿದ್ದವು, ಮರಳು ನುಗ್ಗುತ್ತಿತ್ತು. ನಾನು ಅವರ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಇದ್ದೆ. ಉಸಿರಿದೆ ಎನಿಸುತ್ತಿತ್ತು, ಗಾಳಿಯೇ ಇರಬಹುದು ಎನಿಸುತ್ತಿತ್ತು. ರಾತ್ರಿ ಈಗಲೂ ಎದ್ದು ಕೂತಾಗ ಆ ಬೆರಳು ತಣ್ಣಗಿರುತ್ತದೆ.

ನಡೆದದ್ದು ಏನೆಂದು ಆಸ್ಪತ್ರೆಯಲ್ಲಿ ಕೂತು ಜೋಡಿಸಿಕೊಂಡೆವು. ನಾವು ಅತ್ತ ಹೋದ ಮೇಲೆ ಮರಳು ಹೆಚ್ಚಾಯಿತು. ತಂತಿಗೆ, ಮರಕ್ಕೆ ಮರಳು ಒಳ್ಳೆಯದಲ್ಲವೆಂದು ಬಾಗಿಲು ಇಳಿಸಿ ಕಟ್ಟಿದರು. ಕೈ ಮರಗಟ್ಟಿದರೆ ಬಾಯಿಯ ಬೆರಳು ಓಡುವುದಿಲ್ಲ, ಪಾಪ, ಇವತ್ತು ಅವರ ದಿನ ಎಂದು ಹರೀಶನೇ ಮೂಲೆಯ ಚೀಲದಿಂದ ಇನ್ನಷ್ಟು ಇದ್ದಿಲು ಸುರಿದ. ಮುಚ್ಚಿದ ಡೇರೆಯಲ್ಲಿ ಆ ಇದ್ದಿಲು ಬಿಟ್ಟದ್ದು ಕಾರ್ಬನ್ ಮಾನಾಕ್ಸೈಡ್, ಬಣ್ಣ ವಾಸನೆ ಇಲ್ಲದ ವಿಷಗಾಳಿ. ಎಲ್ಲರಿಗೂ ಮಂಪರು ಒಟ್ಟಿಗೆ ಹತ್ತಿದ್ದರಿಂದ ಹಾಡು ನಿಧಾನವಾದದ್ದು ಒಳಗಿದ್ದ ಯಾರಿಗೂ ತಿಳಿಯಲಿಲ್ಲ. ಅಗ್ಗಿಷ್ಟಿಕೆಗೆ ಎಲ್ಲರಿಗಿಂತ ಹತ್ತಿರ ಕೂತದ್ದು ಲಿಲ್ಲಿಬಾಯಿ; ಕೈ ಬೆಚ್ಚಗಿರಲಿ ಎಂದು ಆ ಜಾಗ ಬಿಟ್ಟುಕೊಟ್ಟಿದ್ದರು. ಅವರು ಬಾಗಿದ್ದನ್ನು ಪಿಟೀಲಿನ ಹುಡುಗಿ ನೋಡಿದ್ದಳು. ನೋಡಿ, ನೋಡಬಾರದೆಂದು ಕಣ್ಣು ತಿರುಗಿಸಿದ್ದಳು.

ಉಳಿದವರನ್ನು ಆಕ್ಸಿಜನ್ ಕೊಟ್ಟು ಮರುದಿನ ಕಳಿಸಿದರು. ಹರೀಶ ಮನೆಗೆ ಬಂದು ಬ್ಯಾಂಜೋವನ್ನು ಮಂಚದ ಕೆಳಗೆ ತಳ್ಳಿದ. ಊಟಕ್ಕೆ ಕರೆದರೆ ಏಳಲಿಲ್ಲ. ಶ್ವೇತಾ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಅವನ ಪಕ್ಕ ಕೂತು ಟಿವಿ ನೋಡಿದಳು.

ಭಾನುವಾರ ಲಿಲ್ಲಿಬಾಯಿಯನ್ನು ಕಾಣಲು ಬಿಟ್ಟರು. ಡೇಲ್ ನಮಗಿಂತ ಮೊದಲೇ ಬಂದು ಮಂಚದ ಪಕ್ಕ ನಿಂತಿದ್ದ, ಇನ್ನು ಈ ಗುಂಪು ಬೇಡ, ಮುಗಿಸೋಣ ಎನ್ನುತ್ತಿದ್ದ. ಲಿಲ್ಲಿಬಾಯಿಯ ಮುಖ ಬಿಳಿಚಿತ್ತು, ಮಾತು ಹುಡುಕಿ ಹುಡುಕಿ ಬರುತ್ತಿತ್ತು. ಎಡಗೈ ಬೆರಳುಗಳು ನಡುಗುತ್ತಿದ್ದವು. ಸರಿಯಾಗಬಹುದು, ಯಾವಾಗ ಎಂದು ಹೇಳಲಾಗದು ಎಂದಿದ್ದರು ವೈದ್ಯರು. ಲಿಲ್ಲಿಬಾಯಿ ಡೇಲ್‌ಗೆ ಏನೂ ಹೇಳದೆ ನನಗೆ ಕನ್ನಡದಲ್ಲಿ ಹೇಳಿದರು, ಅವನಿಗೆ ತಿಳಿಸಿ ಎಂಬಂತೆ ಗದ್ದ ಎತ್ತಿ:

"ನಾನು ಮೂವತ್ತು ವರ್ಷ ರೋಗಿಗಳ ಮುಖ ನೋಡಿಯೇ ಸಂಬಳ ತಕ್ಕೊಂಡದ್ದು. ನನ್ನ ಸರದಿಯಲ್ಲಿ ಒಬ್ಬರಾದ್ರೂ ನನ್ನ ಮುಖ ನೋಡ್ಬಾರ್ದಾ ಮಾರಾಯ್ರೆ?"

ನಾನು ಅನುವಾದ ಮಾಡಿದೆ. ಡೇಲ್ ಕುರ್ಚಿ ಎಳೆದು ಮಂಚದ ಪಕ್ಕ ಕೂತ. ಆಮೇಲೆ ಲಿಲ್ಲಿಬಾಯಿ ಇಂಗ್ಲಿಷಿನಲ್ಲೇ ಕೇಳಿದರು, ಮಂಗಳವಾರ ಜಾಮ್ ಉಂಟಲ್ಲ? ಹರೀಶನ ಕಡೆ ತಿರುಗಿ, ನೀನು ಬರದಿದ್ದರೆ ಕರೆಯಲಿಕ್ಕೆ ನಾನೇ ಬ್ನೇದ್ ಅಲ್ ಗಾರ್‌ಗೆ ಬರುತ್ತೇನೆ, ಐದು ಮಹಡಿ ಹತ್ತಿಸಿದ ಪಾಪ ನಿನಗೇ, ಎಂದರು. ಲಿಫ್ಟ್ ಉಂಟು ಬಾಯಿ ಎಂದ ಹರೀಶ. ಶುಕ್ರವಾರದ ನಂತರ ಅವನು ಆಡಿದ ಮೊದಲ ಮಾತಿನಂಥ ಮಾತು ಅದು.

ಮಂಗಳವಾರ ರಾತ್ರಿಯೇ ನನ್ನ ವಿಮಾನ. ಪೆಟ್ಟಿಗೆಯನ್ನು ಕಾರಿನಲ್ಲಿ ಹಾಕಿಕೊಂಡೇ ರಾಯ್‌ಗೆ ಹೋದೆವು. ವರ್ಕ್‌ಷಾಪಿನ ಷಟರ್ ಪೂರ್ತಿ ಮೇಲಿತ್ತು. ಹಿಂದಿನ ಕೋಣೆಯ ಬಾಗಿಲು, ಕಿಟಕಿ, ಎಲ್ಲ ತೆರೆದಿತ್ತು. ಡೀಸೆಲ್ ವಾಸನೆ, ಮರದ ಪುಡಿ, ರಸ್ತೆಯ ಹಾರ್ನು. ಎಲ್ಲರೂ ಜಾಕೆಟ್ ತೊಟ್ಟು, ಮಫ್ಲರ್ ಸುತ್ತಿ ಕೂತಿದ್ದರು. ಪಿಟೀಲಿನ ಹುಡುಗಿ ಬಂದಿರಲಿಲ್ಲ. ಡೇಲ್ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಬಿಟ್ಟಿದ್ದ ಲಿಲ್ಲಿಬಾಯಿ ಬಂದು ಕೂತು ಮ್ಯಾಂಡೊಲಿನ್ ತೆಗೆದ ಮೇಲೆ ತೆಗೆದ.

ಯಾವ ಹಾಡು ಎಂದು ಕೇಳಿದ. ಅದೇ, ಎಂದರು.

ಮೊದಲ ಸುತ್ತು ತಡವರಿಸಿತು. ಎರಡನೆಯದಕ್ಕೆ ಬದರ್‌ನ ಬೇಸ್ ಹಿಡಿತಕ್ಕೆ ಬಂತು. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ, ಆನಂದಕ್ಕಲ್ಲ, ವೇಗ ಇಳಿಯುತ್ತದೋ ಎಂದು. ಇಳಿಯಲಿಲ್ಲ. ಡೇಲ್ ಲಿಲ್ಲಿಬಾಯಿಯ ಕಡೆ ನೋಡಿದ. ಅವರು ತಲೆ ಆಡಿಸಿದರು. ಹೌದು ಎಂದು.

ಶುರು ಮಾಡಿದರು. ಸ್ವರಗಳು ಸಣ್ಣವು, ಒಣಗಿದವು, ಆದರೆ ಸಾಲಾಗಿ ಬಂದವು. ಅರ್ಧ ದಾಟಿದ ಮೇಲೆ ಬೆರಳು ನಡುಗಿ ಜಾರಿತು. ಮ್ಯಾಂಡೊಲಿನ್ ನಿಂತಿತು.

ಎಲ್ಲರ ಕಣ್ಣೂ ಡೇಲ್‌ನ ಕೈಯಿಂದ ಎದ್ದು ಅವರ ಮುಖಕ್ಕೆ ಹೋದವು. ಡೇಲ್‌ನದೂ. ಕೈಗಳು ತಾಳ ಬಿಡಲಿಲ್ಲ, ಆದರೆ ಅರ್ಧದಷ್ಟು ಜನ ಕುರ್ಚಿಯಿಂದ ಎದ್ದೇ ಬಾರಿಸುತ್ತಿದ್ದರು. ಹರೀಶನ ಮುಖ ಸುಣ್ಣವಾಗಿತ್ತು. ಲಿಲ್ಲಿಬಾಯಿ ತಲೆ ಎತ್ತಿ ಸುತ್ತಲೂ ನೋಡಿದರು.

"ಎಂತ ನೋಡುದು? ಉಸಿರು ಉಂಟು ನನಗೆ. ಬಾರಿಸಿ."

ಕನ್ನಡ ಬಾರದವರಿಗೂ ಅದು ಅರ್ಥವಾಯಿತು. ಆದರೂ ಯಾರೂ ಕಣ್ಣು ತೆಗೆಯಲಿಲ್ಲ. ಅವರು ಒಂದು ಸುತ್ತು ಕಾದು, ಎಡಗೈಯನ್ನು ಒಮ್ಮೆ ಒದರಿ, ಬಿಟ್ಟಲ್ಲಿಂದ ಹಿಡಿದು ಕೊನೆಯವರೆಗೆ ಬಾರಿಸಿದರು. ಎರಡು ಸ್ವರ ತಪ್ಪು, ನನಗೂ ತಿಳಿಯಿತು. ಅಷ್ಟು ಕಣ್ಣುಗಳು ಒಬ್ಬರ ಮೇಲಿದ್ದದ್ದರಿಂದ ಡೇಲ್ ಬೆರಳಿನ ಜಾಗ ಬದಲಿಸಿದಾಗ ಯಾರೂ ಬದಲಿಸಲಿಲ್ಲ, ಹಾಡು ನಾಲ್ಕು ಕಡೆ ಹರಿಯಿತು. ಅಂಥ ಬೇಸುರವನ್ನು ನಾನು ಭಜನೆಯಲ್ಲೂ ಕೇಳಿಲ್ಲ. ಲಿಲ್ಲಿಬಾಯಿ ಕೊನೆಯ ಸ್ವರ ಹೊಡೆದು ಹರೀಶನ ಕಡೆ ಗದ್ದ ತಿರುಗಿಸಿದರು. ಮುಂದಿನ ಸರದಿ ಅವನದು. ಅವನು ಕಣ್ಣೊರೆಸಿಕೊಂಡು ಬಾರಿಸಿದ, ಎಂದಿನಂತೆ ಎಲ್ಲರಿಗಿಂತ ಮುಂದೆ.

ಹೊರಡುವಾಗ ಲಿಲ್ಲಿಬಾಯಿ ಷಟರ್‌ವರೆಗೆ ಬಂದರು. ಊರಲ್ಲಿ ಸಿಗುವ ಎಂದರು. ಕಾರು ತಿರುಗಿದಾಗ ಹಿಂದೆ ನೋಡಿದೆ: ಟ್ಯೂಬ್‌ಲೈಟಿನ ಕೆಳಗೆ ಅವರು ಮತ್ತೆ ಕುರ್ಚಿಗೆ ಹೋಗುತ್ತಿದ್ದರು, ಯಾರೋ ಅವರಿಗೆ ಜಾಕೆಟ್ ಹೊದಿಸುತ್ತಿದ್ದರು.

ಹರೀಶ ನನ್ನನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ಕಾರಿನ ಕಿಟಕಿಗಳೆಲ್ಲ ಇಳಿದಿದ್ದವು. ಇಬ್ಬರಿಗೂ ಚಳಿಯಾಗುತ್ತಿತ್ತು. ಏರಿಸೋಣ ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.